ಓದಿ ಹೇಳಲಾಗಿದೆ

ಒಂದು ಹೆಜ್ಜೆ, ಆಮೇಲೆ ಏನೂ ಇಲ್ಲ, ಆಮೇಲೆ ಇನ್ನೊಂದು ಹೆಜ್ಜೆ — ಕೆಳಗೆ ಮೆಟ್ಟಿಲಲ್ಲಿ ಯಾರೋ ಹತ್ತಿ ಬರುತ್ತಿದ್ದಾರೆ, ವಯಸ್ಸಾದವರೇ ಇರಬೇಕು, ಎರಡೂ ಕಾಲನ್ನು ಒಂದೇ ಮೆಟ್ಟಿಲ ಮೇಲೆ ಕೂಡಿಸಿಕೊಂಡು, ಉಸಿರು ತೆಗೆದುಕೊಂಡು, ಆಮೇಲೆ ಮುಂದಿನದಕ್ಕೆ ಏಳುವ ಸದ್ದು ಅದು, ನಾಲ್ಕನೇ ಮಹಡಿಯ ಈ ಕೋಣೆಯಲ್ಲಿ ಕೂತು ಇಪ್ಪತ್ತೊಂಬತ್ತು ವರ್ಷದಿಂದ ಮೆಟ್ಟಿಲಿನ ಸದ್ದು ಕೇಳಿ ಕೇಳಿ ನೋಟರಿಗೆ, ಬರುವವರ ವಯಸ್ಸು ಮಾತ್ರ ಅಲ್ಲ, ಯಾವ ಕಾಗದಕ್ಕೆ ಬರುತ್ತಿದ್ದಾರೆ ಅನ್ನುವುದು ಕೂಡ ಅರ್ಧಂಬರ್ಧ ತಿಳಿದುಬಿಡುತ್ತದೆ, ಪರದೇಶಕ್ಕೆ ಓದಲು ಹೊರಟ ಹುಡುಗಿಯರು ಎರಡೆರಡು ಮೆಟ್ಟಿಲು ಹಾರುತ್ತಾರೆ, ಅವರ ಡಿಗ್ರಿ ಸರ್ಟಿಫಿಕೇಟಿನ ಪ್ಲಾಸ್ಟಿಕ್ ಕವರು ಪಟಪಟ ಅನ್ನುತ್ತದೆ, ಮದುವೆ ಕಾಗದದವರು ಜೋಡಿಯಾಗಿ ಬಂದು ಪ್ರತಿ ಮಹಡಿಯಲ್ಲೂ ನಿಂತು ನಗುತ್ತಾರೆ, ವಿಚ್ಛೇದನದವರು ಒಬ್ಬೊಬ್ಬರೇ ಬರುತ್ತಾರೆ, ನಡುವೆ ಎಲ್ಲೂ ನಿಲ್ಲುವುದಿಲ್ಲ — ಮೇಜಿನ ಮೇಲೆ ಯಾರದೋ ಜನನ ಪ್ರಮಾಣಪತ್ರದ ಅನುವಾದ ಬಿದ್ದಿದೆ, ಮೂರು ಪ್ರತಿ, ಮೂರಕ್ಕೂ ಸಹಿ ಆಗಬೇಕು, ಪೆನ್ನು ಕೈಯಲ್ಲೇ ಇದೆ, ಮುಂದಕ್ಕೆ ಹೋಗುತ್ತಿಲ್ಲ, ಈಚೆಗೆ ಹೀಗೇ ಆಗುತ್ತಿದೆ, ಒಂದು ಸಹಿ ಹಾಕಬೇಕಾದರೆ ಕಾಗದವನ್ನು ಮೊದಲಿನಿಂದ ಮತ್ತೆ ಓದುತ್ತಾರೆ, ಮಗುವಿನ ಹೆಸರು, ಹುಟ್ಟಿದ ಗಂಟೆ, ತೂಕ, ಓದಿ ಮುಗಿಸುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತದೆ. ಪಕ್ಕದ ಮೇಜಿನಲ್ಲಿ ಟೈಪಿಸ್ಟ್ ಅಕ್ಕ ಕೀಲಿಗಳನ್ನು ಕುಟ್ಟುತ್ತಿದ್ದಾಳೆ, ಹತ್ತೊಂಬತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದವಳು, ಇಪ್ಪತ್ತಾರು ದಿನದಿಂದ ಬೇಕಾದ ಮಾತನ್ನಷ್ಟೇ ಆಡುತ್ತಾಳೆ, ಸಹಿ ಸರ್, ಸೀಲು ಸರ್, ಕೊರಿಯರಿನವನು ಬಂದಿದಾನೆ ಸರ್. ಪಾಪ, ಯಾರೋ ಮುದುಕರು, ಲಿಫ್ಟ್ ಕೆಟ್ಟು ಎರಡು ತಿಂಗಳಾಯಿತು, ಬ್ರೇಕಿನ ಕಾಯಿಲ್ ಸುಟ್ಟಿದೆ ಸರ್, ನಾನೇ ಬಂದು ಹಾಕಿ ಕೊಡ್ತೀನಿ ಅಂದವನು ಬರಲಿಲ್ಲ, ಬರುವುದೂ ಇಲ್ಲ, ಆ ಲಿಫ್ಟ್ ಮೆಕ್ಯಾನಿಕ್ — ಬೇಡ, ಅವನ ನೆನಪು ಬೇಡ, ಮಗುವಿನ ತೂಕ ಎರಡು ಕಿಲೋ ಎಂಟುನೂರು ಗ್ರಾಂ.

ಬೇಡ ಅಂದರೆ ಕೇಳುತ್ತದೆಯೇ, ಬಾಗಿಲಲ್ಲಿ ನಿಂತಿದ್ದ ಅವನ ರೀತಿ ಕಣ್ಣಿಗೆ ಕಟ್ಟಿಬಿಟ್ಟಿದೆ, ನಲವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಗ್ರೀಸು, ಕೈಯಲ್ಲಿ ಒಂದು ಹಳದಿ ಲಕೋಟೆ, ಒಳಗೆ ಬರದೆ ಮೊದಲು ಲಿಫ್ಟಿನ ಕಡೆ ನೋಡಿ ತಲೆಯಾಡಿಸಿದ್ದು, ಆಮೇಲೆ ಬಂದು ಕೂತು, ಸರ್, ನನ್ನಕ್ಕ ಹೋಗ್ಬಿಟ್ಳು ಅಂದದ್ದು. ಎಲ್ಲಿಗೆ ಅಂತ ಕೇಳಿದ್ದರು ನೋಟರಿ, ಈ ಕೋಣೆಗೆ ಬರುವವರೆಲ್ಲ ಎಲ್ಲಿಗಾದರೂ ಹೋಗುವವರೇ, ಹಾಗಾಗಿ ಬಾಯಿಗೆ ಮೊದಲು ಬರುವ ಪ್ರಶ್ನೆ ಅದು, ಯಾವ ದೇಶ, ಎಷ್ಟು ದಿನಕ್ಕೆ, ಯಾವ ರಾಯಭಾರ ಕಚೇರಿ — ಅವನು ಲಕೋಟೆಯಿಂದ ಒಂದು ಸರ್ಟಿಫಿಕೇಟು ತೆಗೆದು ಮೇಜಿನ ಮೇಲಿಟ್ಟ, ಪರಭಾಷೆಯದು, ಕೆಳಗೆ ನೀಲಿ ಮೊಹರು, ಅದನ್ನು ಓದಿದ ಮೇಲೆ ಕೇಳಿದ ಪ್ರಶ್ನೆಗೆ ನಾಚಿಕೆಯಾಗಿತ್ತು. ಹನ್ನೊಂದು ವರ್ಷದಿಂದ ಆ ದೇಶದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ, ಮದುವೆ ಇಲ್ಲ, ಒಂದು ಬೆಳಿಗ್ಗೆ ತಲೆನೋವು ಅಂದಳಂತೆ, ಮಧ್ಯಾಹ್ನದೊಳಗೆ ಮುಗಿಯಿತಂತೆ, ತಲೆಯಲ್ಲಿ ನರ ಒಡೆದಿತ್ತು. ಈಗ ಶೀತಲ ಕೋಣೆಯಲ್ಲಿ ಇಟ್ಟಿದಾರೆ ಸರ್, ಇಷ್ಟು ದಿನ ಅಂತ ಲೆಕ್ಕ ಇದೆಯಂತೆ, ಅಷ್ಟರೊಳಗೆ ತಾಯಿ ಒಪ್ಪಿಗೆ ಕಾಗದ ಹೋಗ್ಬೇಕು, ಇಲ್ಲಿಗೆ ತರಿಸಿದ್ರೆ ಪೆಟ್ಟಿಗೆ ಸೀಲ್ ಮಾಡಿ ಕಳಿಸ್ತಾರಂತೆ, ಬಿಚ್ಚೋ ಹಾಗಿಲ್ವಂತೆ, ಬಿಚ್ಚೋಕಾಗದ ಪೆಟ್ಟಿಗೆ ತಂದು ಅಮ್ಮನ ಮುಂದೆ ಇಟ್ಟು ಏನಂತ ಹೇಳ್ಲಿ, ಅಲ್ಲೇ ಮಣ್ಣು ಮಾಡ್ಲಿ, ಅವಳ ಜೊತೆ ಕೆಲಸ ಮಾಡೋರು ನಿಂತು ಮಾಡಿಸ್ತೀವಿ ಅಂದಿದಾರೆ. ಸರಿ, ತಾಯಿಯವರನ್ನ ಕರ್ಕೊಂಡು ಬನ್ನಿ ಅಂದಿದ್ದರು ನೋಟರಿ, ಅವರು ನನ್ನೆದುರು ಒಪ್ಪಬೇಕು. ಅವನು ಗ್ರೀಸಿನ ಬೆರಳುಗಳನ್ನು ಒಂದಕ್ಕೊಂದು ಹೆಣೆದುಕೊಂಡು ನೆಲ ನೋಡಿದ, ಕರ್ಕೊಂಡು ಬರ್ತೀನಿ ಸರ್, ಆದ್ರೆ ಅಮ್ಮನಿಗೆ ಗೊತ್ತಿಲ್ಲ. ಏನು ಗೊತ್ತಿಲ್ಲ. ಅಕ್ಕ ಇಲ್ಲ ಅನ್ನೋದು. ಫೋನ್ ಕೆಟ್ಟಿದೆ, ಹೊಸ ಕಾಗದದ ಓಡಾಟದಲ್ಲಿದಾಳೆ ಅಂತ ಹೇಳಿದೀನಿ, ಅಮ್ಮನ ಹೃದಯ ಸರಿಯಿಲ್ಲ ಸರ್, ಡಾಕ್ಟ್ರು ಯಾವ ಆಘಾತನೂ ಆಗ್ಬಾರ್ದು ಅಂದಿದಾರೆ. ವಿಳಾಸಕ್ಕೆ ಪುರಾವೆ ಕೇಳುವ, ಹುಟ್ಟಿದ ತಾರೀಖಿಗೆ ಪುರಾವೆ ಕೇಳುವ, ಎದುರಿಗೆ ಕೂತವನು ಬದುಕಿದ್ದಾನೆ ಅನ್ನುವುದಕ್ಕೂ ಒಂದು ಕಾಗದ ಕೇಳುವ ನೋಟರಿ, ಡಾಕ್ಟರ ಚೀಟಿ ಎಲ್ಲಿ ಅಂತ ಕೇಳಲಿಲ್ಲ.

ಮೊದಲ ಮಹಡಿ ದಾಟಿತು, ಕನ್ನಡಕದ ಅಂಗಡಿಯ ಮುಂದೆ ಹೆಜ್ಜೆ ನಿಂತಿದೆ, ಅಲ್ಲೊಂದು ಸ್ಟೂಲು ಇದೆ, ಕೂತುಕೊಳ್ಳಲಿ, ನಿಧಾನವಾಗಿ ಬರಲಿ, ಕನ್ನಡಕದ ಅಂಗಡಿಗೇ ಬಂದವರಾದರೂ ಆಗಬಹುದು. ಈ ಕಟ್ಟಡದಲ್ಲಿ ಮೂವರು ನೋಟರಿಗಳು, ಎರಡನೇ ಮಹಡಿಯವನು ಕಾಗದದ ತಲೆ ನೋಡುವುದಿಲ್ಲ, ಬಾಲ ಹಿಡಿದು ಸಹಿ ಹಾಕುತ್ತಾನೆ, ಇವರಿಗೆ ಅವನೇ ಇಟ್ಟ ಅಡ್ಡಹೆಸರು ಪಾರಾಯಣ, ಪಾರಾಯಣದ ಹತ್ರ ಹೋದ್ರೆ ಊಟ ಕಟ್ಕೊಂಡು ಹೋಗಿ ಅಂತ ಬಂದವರಿಗೆ ಹೇಳುತ್ತಾನಂತೆ, ಯಾಕೆಂದರೆ ಇವರು ಪ್ರತಿ ಕಾಗದವನ್ನೂ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ತಿಳೀತಾ, ಒಪ್ಪಿಗೇನಾ ಅಂತ ಕೇಳದೆ ಸೀಲು ಮುಟ್ಟುವುದಿಲ್ಲ. ಹುಟ್ಟಿನಿಂದ ಹೀಗಿರಲಿಲ್ಲ, ಎಲ್ಲರ ಹಾಗೇ ಇದ್ದರು, ಹದಿನಾಲ್ಕು ವರ್ಷದ ಹಿಂದೆ ಒಬ್ಬಳು ಹೊಲಿಗೆಯವಳು ಗಂಡನ ಜೊತೆ ಬಂದು, ಮಗು ಅಪ್ಪನ ಜೊತೆ ಪರದೇಶಕ್ಕೆ ಹೋಗಲು ಒಪ್ಪಿಗೆ ಇದೆ ಅನ್ನುವ ಕಾಗದಕ್ಕೆ ಸಹಿ ಹಾಕಿ ಹೋದಳು, ರಜೆಗೆ ಅಂತ ಅವನು ಹೇಳಿದ್ದ, ಕಾಗದದಲ್ಲಿ ಶಾಶ್ವತವಾಗಿ ಅಂತ ಇತ್ತು, ಒಂದೇ ಒಂದು ಪದ, ಎರಡನೇ ಪುಟದ ನಡುವೆ, ಓದಿದ್ದರೆ ಸಿಕ್ಕುತ್ತಿತ್ತು. ರಜೆ ಮುಗಿದ ಮೇಲೆ ಅವಳು ಬಂದು ಆ ಕಾಗದ ವಾಪಸ್ ಕೊಡಿ ಅಂದಳು. ಅಷ್ಟರಲ್ಲಿ ಅದು ಎಲ್ಲ ಮೊಹರು ಹೊತ್ತು ಸಮುದ್ರ ದಾಟಿತ್ತು, ಕೊಡುವುದಕ್ಕೆ ಏನಿತ್ತು, ಅವಳು ಕೂಗಾಡಲಿಲ್ಲ, ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಳು, ಮರುದಿನವೂ ಬಂದು ನಿಂತಳು, ಹದಿನೇಳು ದಿನ, ಹದಿನೆಂಟನೇ ದಿನ ಬರಲಿಲ್ಲ, ಬರದೆ ಇದ್ದಾಗ ಎದೆಯೊಳಗೆ ಆದದ್ದು ನಿರಾಳ ಅನ್ನುವುದನ್ನು ಇವತ್ತಿನವರೆಗೂ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ. ಅವತ್ತಿನಿಂದ ಓದುವುದು. ಹೆಂಡತಿ ಇದ್ದಾಗ ಹೇಳುತ್ತಿದ್ದಳು, ನಿದ್ದೆಯಲ್ಲೂ ಒಪ್ಪಿಗೇನಾ ಅಂತೀರಿ, ನಾನು ಹೂಂ ಅಂತ ಹೇಳಿ ಮಗ್ಗುಲು ಬದಲಾಯಿಸ್ತೀನಿ. ಅವಳು ಹೋಗಿ ಆರು ವರ್ಷ, ಹೂಂ ಅನ್ನುವವರಿಲ್ಲ, ಓದುವುದು ಮಾತ್ರ ನಿಂತಿರಲಿಲ್ಲ — ನಿಂತಿರಲಿಲ್ಲ, ಆ ಶುಕ್ರವಾರದವರೆಗೆ.

ಶುಕ್ರವಾರ ಅನ್ನುವುದೂ ಒಂದು ನೆಪ, ನಾಲ್ಕು ಗಂಟೆಗೆ ಕೊರಿಯರು ಹೊರಡುತ್ತದೆ, ತಪ್ಪಿದರೆ ಸೋಮವಾರ, ಅಲ್ಲಿ ಕೊಟ್ಟ ಗಡುವು ಮೀರುತ್ತದೆ ಅಂತ ಲಿಫ್ಟ್ ಮೆಕ್ಯಾನಿಕ್ ಹತ್ತು ಸಲ ಹೇಳಿದ, ನೀವು ಓದ್ಬೇಡಿ ಸರ್, ಅಕ್ಕನ ಕಾಗದ ಅಂತ ಮಾತ್ರ ಹೇಳಿ, ಅಷ್ಟೇ, ಉಳಿದದ್ದು ನಾನು ನಿಧಾನಕ್ಕೆ ಹೇಳ್ಕೋತೀನಿ. ತಾಯಿ ಮೂರೂವರೆಗೆ ಬಂದಳು, ನಾಲ್ಕು ಮಹಡಿ ಹತ್ತಿ, ಎಪ್ಪತ್ತೆರಡರ ಹೆಂಗಸು, ಸಣ್ಣ ಮೈ, ತಲೆ ಬಾಚಿ ಎಣ್ಣೆ ಹಚ್ಚಿಕೊಂಡಿದ್ದಳು, ಸರ್ಕಾರದ ಕೆಲಸಕ್ಕೆ ಹೋಗುತ್ತಿದ್ದೇನೆ ಅನ್ನುವವರು ಮಾಡಿಕೊಳ್ಳುವ ಹಾಗೆ ಅಚ್ಚುಕಟ್ಟು, ಕುರ್ಚಿಯ ತುದಿಯಲ್ಲಿ ಕೂತಳು. ಸಹಿ ಮಾಡ್ತೀರಾ ಅಮ್ಮ. ಮೊದ್ಲು ಮಾಡ್ತಿದ್ದೆ, ಈಗ ಕೈ ನಡುಗುತ್ತೆ, ಹೆಬ್ಬೆಟ್ಟು ಒತ್ತುತೀನಿ. ಒತ್ತಿದಳು, ಬೀಳಲಿಲ್ಲ, ಕಾಗದದ ಮೇಲೆ ನೇರಳೆ ಬಣ್ಣದ ಒಂದು ಮಚ್ಚೆ, ಗೆರೆಯೇ ಇಲ್ಲ, ಇನ್ನೊಮ್ಮೆ, ಮತ್ತೆ ಮಚ್ಚೆ. ಅವಳೇ ನಕ್ಕಳು, ಮೂವತ್ತೊಂದು ವರ್ಷ ಆಸ್ಪತ್ರೆ ಬಟ್ಟೆ ಇಸ್ತ್ರಿ ಮಾಡಿದೀನಿ ಸ್ವಾಮಿ, ದೊಡ್ಡ ಬಿಸಿ ಮಿಷನ್ನು, ಹಾಸಿಗೆ ಬಟ್ಟೆಯ ಅಂಚು ಎಳೆದೂ ಎಳೆದೂ ಬೆರಳಲ್ಲಿ ಗೆರೆ ಉಳಿದಿಲ್ಲ, ಕಳ್ಳತನ ಮಾಡಿದ್ರೂ ಸಿಕ್ಕಿಬೀಳಲ್ಲ ಅಂತ ಮಗಳು ತಮಾಷೆ ಮಾಡ್ತಾಳೆ. ಮಾಡ್ತಾಳೆ ಅಂದಳು. ಲಿಫ್ಟ್ ಮೆಕ್ಯಾನಿಕ್ ಕಿಟಕಿಯ ಕಡೆ ತಿರುಗಿದ, ಟೈಪಿಸ್ಟ್ ಅಕ್ಕನ ಕೀಲಿಗಳು ನಿಂತವು, ಗೆರೆ ಬೀಳದಿದ್ದರೆ ಕಾಗದ ವಾಪಸ್ ಬರುತ್ತದೆ ಅಂತ ನೋಟರಿಗೆ ಗೊತ್ತು, ಎದ್ದು ಹೋಗಿ ಅವಳ ಎಡಗೈಯನ್ನು ತಾವೇ ಹಿಡಿದು, ಹೆಬ್ಬೆರಳಿಗೆ ಒಂದಿಷ್ಟೇ ಶಾಯಿ ತಾಗಿಸಿ, ಉಗುರಿನ ಈ ಬದಿಯಿಂದ ಆ ಬದಿಗೆ ನಿಧಾನವಾಗಿ ಉರುಳಿಸಿದರು, ಬೆರಳು ಬೆಚ್ಚಗಿತ್ತು, ಹಗುರವಾಗಿತ್ತು, ತನ್ನದಲ್ಲವೇನೋ ಅನ್ನುವ ಹಾಗೆ ಅವರ ಕೈಗೆ ಕೊಟ್ಟುಬಿಟ್ಟಿದ್ದಳು, ಅಂಚಿನಲ್ಲಿ ನಾಲ್ಕು ಗೆರೆ ಮೂಡಿತು, ನಾಲ್ಕೇ, ಸಾಕು. ಆಗ ಅವಳು ಕೇಳಿದಳು, ಇದು ಹೋದ್ರೆ ಅವಳು ಅಲ್ಲೇ ಉಳೀಬಹುದಾ. ಎರಡು ವರ್ಷಕ್ಕೊಂದ್ಸಲ ಆ ಕಾಗದ ಆಗ್ಲಿಲ್ಲ, ಈ ಕಾಗದ ಮುಗೀತು ಅಂತ ಹೆದರ್ತಾನೇ ಇರ್ತಾಳೆ, ಇದಾದ್ಮೇಲೆ ಯಾರೂ ಕಳಿಸೋಕಾಗಲ್ವಾ. ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಇತ್ತು, ಬೇಕಾದಷ್ಟು ಹೊತ್ತು, ಆ ಹೊತ್ತಿನಲ್ಲಿ ಕಾಗದ ತೆಗೆದು ಓದಬಹುದಿತ್ತು, ನಾಲ್ಕು ಪ್ಯಾರಾ, ಮೂರು ನಿಮಿಷ — ಇಲ್ಲಮ್ಮ, ಇನ್ನು ಯಾರೂ ಕಳಿಸೋಕಾಗಲ್ಲ, ಅಲ್ಲೇ ಉಳೀತಾಳೆ. ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ಅವಳು ಎರಡೂ ಕೈಯಿಂದ ಆ ಕಾಗದವನ್ನು ನೇವರಿಸಿದಳು, ಇಸ್ತ್ರಿ ಮಾಡುವವರು ಸುಕ್ಕು ಬಿಡಿಸುವ ಹಾಗೆ, ನಡುವಿನಿಂದ ಅಂಚಿನ ಕಡೆಗೆ.

ಅವರು ಹೋದ ಮೇಲೆ ಕಾಗದದ ಕೊನೆಯಲ್ಲಿ ಆ ಸಾಲು, ಟೈಪಿಸ್ಟ್ ಅಕ್ಕ ಎಲ್ಲ ಕಾಗದದ ಕೊನೆಗೂ ಹೊಡೆಯುವ ಸಾಲು, ಮೇಲ್ಕಂಡ ವಿಷಯವನ್ನು ಸಹಿದಾರರಿಗೆ ಅವರ ಭಾಷೆಯಲ್ಲಿ ಓದಿ ಹೇಳಲಾಗಿದೆ, ಅವರು ಅರ್ಥ ಮಾಡಿಕೊಂಡು ಸ್ವಇಚ್ಛೆಯಿಂದ ನನ್ನ ಸಮಕ್ಷಮ ಹೆಬ್ಬೆಟ್ಟು ಒತ್ತಿರುತ್ತಾರೆ. ಅದರ ಕೆಳಗೆ ಸಹಿ ಹಾಕಿದರು, ಉಬ್ಬುಮುದ್ರೆ ಒತ್ತಿದರು, ಕಾಗದ ಕರ್ರೆಂದಿತು. ನೀವು ಓದ್ಲಿಲ್ಲ ಸರ್ ಅಂದಳು ಅಕ್ಕ. ಹೇಳಿದೆನಲ್ಲ. ಹೇಳೋದು ಬೇರೆ, ಓದೋದು ಬೇರೆ, ನೀವೇ ಅಲ್ವಾ ನನಗೆ ಕಲಿಸಿದ್ದು. ಅಷ್ಟೇ ಅಂದದ್ದು ಅವಳು, ಇಪ್ಪತ್ತಾರು ದಿನಕ್ಕೆ ಅಷ್ಟು ಸಾಕಾಯಿತು. ಕರುಣೆ ಅಂದುಕೊಂಡಿದ್ದರು, ಮುದುಕಿಯ ಹೃದಯ, ಡಾಕ್ಟರ ಮಾತು, ಮಗನ ಕಣ್ಣು, ಮನೆಗೆ ಹೋಗಿ ಒಬ್ಬರೇ ಕೂತು ಊಟ ಮಾಡುವಾಗಲೂ ಕರುಣೆ ಅಂತಲೇ ಅಂದುಕೊಂಡರು, ಮೂರನೇ ದಿನವೋ ನಾಲ್ಕನೇ ದಿನವೋ ಕನ್ನಡಿಯ ಮುಂದೆ ಗಡ್ಡ ಬೋಳಿಸಿಕೊಳ್ಳುವಾಗ ತಿಳಿಯಿತು, ಅದಲ್ಲ, ಆ ಮುಖ ಬದಲಾಗುವುದನ್ನು ನೋಡುವವರು ತಾವಾಗಬಾರದಿತ್ತು, ಅಷ್ಟೇ, ಇನ್ನೊಬ್ಬರು ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಲ್ಲಬಾರದಿತ್ತು. ಆಮೇಲೆ ಕಾಗದ ತನ್ನ ದಾರಿ ಹಿಡಿಯಿತು, ರಾಜ್ಯದ ಕಚೇರಿಯಲ್ಲಿ ಒಬ್ಬ ಗುಮಾಸ್ತ ಇವರ ಸಹಿಯನ್ನು ಕಾರ್ಡಿನ ಮಾದರಿ ಸಹಿಯ ಜೊತೆ ಹೋಲಿಸಿ ನೋಡಿ, ಇದು ಇಂಥ ನೋಟರಿಯ ಸಹಿ ನಿಜ ಅಂತ ಒಂದು ಮೊಹರು ಹಾಕಿದ, ವಿದೇಶಾಂಗದವರು ಆ ಮೊಹರು ನಿಜ ಅಂತ ಇನ್ನೊಂದು ಹಾಕಿದರು, ರಾಯಭಾರ ಕಚೇರಿಯವರು ಅದು ನಿಜ ಅಂತ ಮತ್ತೊಂದು, ಒಬ್ಬರ ಬೆನ್ನು ನೋಡಿ ಒಬ್ಬರು ಸಾಲಿನಲ್ಲಿ ನಿಂತ ಹಾಗೆ, ಮುಂದಿನವನು ಯಾರು ಅಂತ ಹೇಳಬಲ್ಲರು, ಸಾಲಿನ ತುದಿಯಲ್ಲಿ ಏನಿದೆ ಅಂತ ನೋಡುವುದು ಯಾರ ಕೆಲಸವೂ ಅಲ್ಲ, ನೋಡಬೇಕಾಗಿದ್ದವನು ಒಬ್ಬನೇ, ಮೊದಲನೆಯವನು. ಹನ್ನೊಂದು ದಿನದ ಹಿಂದೆ ಲಿಫ್ಟ್ ಮೆಕ್ಯಾನಿಕ್ ಫೋನು ಮಾಡಿದ, ಮುಗೀತು ಸರ್, ಇವತ್ತು ಮಧ್ಯಾಹ್ನ, ಫೋಟೊ ಕಳಿಸಿದಾರೆ, ಒಂದು ನಂಬರಿನ ಫಲಕ ಇದೆ. ಅಮ್ಮನಿಗೆ ಹೇಳಿದ್ರಾ. ಹೇಳ್ತೀನಿ ಸರ್. ಯಾವಾಗ. ಹೇಳ್ತೀನಿ ಅಂದ್ನಲ್ಲ ಸರ್ — ಆಮೇಲೆ ಫೋನೂ ಇಲ್ಲ, ಬ್ರೇಕಿನ ಕಾಯಿಲೂ ಇಲ್ಲ, ಹೆಜ್ಜೆ, ಹೆಜ್ಜೆ ಮತ್ತೆ ಶುರುವಾಗಿದೆ, ಎರಡನೇ ಮಹಡಿಯ ನೋಟರಿಯ ಬಾಗಿಲನ್ನೂ ದಾಟಿ ಮೇಲಕ್ಕೆ ಬರುತ್ತಿದೆ, ಮೂರರಲ್ಲಿ ಇರುವುದು ಬೀಗ ಹಾಕಿದ ಗೋದಾಮು, ಹಾಗಾದರೆ ಇಲ್ಲಿಗೇ. ಎದ್ದು ಹೋಗಿ ಮೆಟ್ಟಿಲಿನ ಕಟಾಂಜನದಿಂದ ಬಗ್ಗಿ ನೋಡುತ್ತಾರೆ, ಕೆಳಗೆ ಒಂದು ಬಿಳಿ ತಲೆ, ನಡುವಿನ ಬೈತಲೆ ನೇರ, ಎಣ್ಣೆ ಹಚ್ಚಿ ಬಾಚಿದ್ದು, ಗೋಡೆಗೆ ಒಂದು ಕೈ, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ, ಜೊತೆಯಲ್ಲಿ ಯಾರೂ ಇಲ್ಲ.

ಹಿಂದೆ ಸರಿಯುತ್ತಾರೆ, ಕಡತದ ಕೋಣೆ ಎಂಟು ಹೆಜ್ಜೆ, ಒಳಗಿನಿಂದ ಚಿಲಕ ಇದೆ, ಅಕ್ಕ, ನಾನಿಲ್ಲ ಅಂತ ಹೇಳು. ಅಕ್ಕ ತಲೆ ಎತ್ತುವುದಿಲ್ಲ, ನೀವಿಲ್ಲ ಅಂತ ನೀವೇ ಹೇಳಿ ಸರ್ ಅನ್ನುತ್ತಾಳೆ, ಬೇರೆ ದಿನ ಆಗಿದ್ದರೆ ಇಬ್ಬರೂ ನಗುತ್ತಿದ್ದರು. ಮುದುಕಿ ಬಾಗಿಲಲ್ಲಿ ಬಂದು ನಿಂತು ಉಸಿರು ಹಿಡಿದುಕೊಳ್ಳುತ್ತಾಳೆ, ಬಂದೆ ಸ್ವಾಮಿ, ನಿಮ್ಮ ಲಿಫ್ಟು ಇನ್ನೂ ಸತ್ತೇ ಇದೆ, ನನ್ನ ಮಗ ಮಾಡ್ಕೊಡ್ತೀನಿ ಅಂದಿದ್ನಲ್ಲ. ಕುರ್ಚಿಯ ತುದಿಯಲ್ಲಿ ಕೂರುತ್ತಾಳೆ, ಅಕ್ಕ ತಂದುಕೊಟ್ಟ ನೀರನ್ನು ಎರಡು ಸಲಕ್ಕೆ ಕುಡಿಯುತ್ತಾಳೆ, ಎದೆಯ ಮೇಲೆ ಕೈ ಇಟ್ಟುಕೊಳ್ಳುವುದಿಲ್ಲ, ಮುಖ ಬಿಳಿಚಿಕೊಂಡಿಲ್ಲ, ನಾಲ್ಕು ಮಹಡಿ, ಎರಡನೇ ಸಲ, ಈ ಹೃದಯಕ್ಕೆ ಏನಾಗಿದೆ ಅಂತ ಆ ಡಾಕ್ಟರು ಹೇಳಿದ್ದು. ಐದು ಭಾನುವಾರ ಆಯ್ತು ಅನ್ನುತ್ತಾಳೆ, ಹನ್ನೊಂದು ವರ್ಷ ಒಂದು ಭಾನುವಾರನೂ ತಪ್ಪಿಸ್ದೆ ಫೋನ್ ಮಾಡ್ತಿದ್ಳು, ಜ್ವರ ಇದ್ರೂ ಮಾಡೋಳು, ಮಗನ್ನ ಕೇಳಿದ್ರೆ ಹೊಸ ಕಾಗದ, ಆಫೀಸು, ಓಡಾಟ ಅಂತಾನೆ, ಮುಖ ಕೊಟ್ಟು ಮಾತಾಡಲ್ಲ, ತಟ್ಟೆ ನೋಡ್ಕೊಂಡು ಮಾತಾಡ್ತಾನೆ, ನಾನು ಹೆತ್ತೋಳು, ಅವನ ತಟ್ಟೆ ಮುಖ ನನಗೆ ಗೊತ್ತಿಲ್ವಾ. ನೋಟರಿಯೂ ತಾವು ಮೇಜು ನೋಡುತ್ತಿರುವುದನ್ನು ಗಮನಿಸುತ್ತಾರೆ, ಕಣ್ಣೆತ್ತಬೇಕು, ಮೇಜಿನ ಮೇಲೆ ಜನನ ಪ್ರಮಾಣಪತ್ರ, ಎರಡು ಕಿಲೋ ಎಂಟುನೂರು. ಕೆಳಗೆ ಕನ್ನಡಕದೋರು ಹೇಳಿದ್ರು ಅನ್ನುತ್ತಾಳೆ ಮುದುಕಿ, ಮೇಲಿನ ಸ್ವಾಮಿ ಎಲ್ಲಾ ಕಾಗದನೂ ಗಟ್ಟಿಯಾಗಿ ಓದಿ ಹೇಳಿ ಆಮೇಲೇನೆ ಸಹಿ ಮಾಡ್ಸೋದು, ಅದಕ್ಕೆ ತುಂಬ ಹೊತ್ತಾಗುತ್ತೆ ಅಂತ, ನನಗೆ ಹೊತ್ತೇ ಆಗ್ಲಿಲ್ಲವಲ್ಲ ಅಂದ್ಕೊಂಡೆ, ನನ್ನದು ಓದ್ಲಿಲ್ಲ ನೀವು, ಅವತ್ತು ಅವಸರ ಇತ್ತೇನೋ, ಇವತ್ತು ಓದಿ. ಅಮ್ಮ, ಆ ಕಾಗದ ಹೋಗ್ಬಿಟ್ಟಿದೆ. ಒಂದು ಪ್ರತಿ ಇಟ್ಕೋತೀರಂತಲ್ಲ. ಯಾರು ಹೇಳಿದ್ದು ಅಂತ ಕೇಳುವುದಿಲ್ಲ, ಅಕ್ಕ ಆಗಲೇ ಎದ್ದಿದ್ದಾಳೆ, ಕಡತದ ಕೋಣೆಗೆ ಹೋಗಿದ್ದಾಳೆ, ಕಬ್ಬಿಣದ ಬೀರು ತೆಗೆದ ಸದ್ದು, ಅವಳು ಹುಡುಕುತ್ತಿಲ್ಲ, ಎಲ್ಲಿದೆ ಅಂತ ಅವಳಿಗೆ ಮೊದಲೇ ಗೊತ್ತಿದೆ, ತಂದು ಇವರ ಮುಂದೆ ಇಟ್ಟು, ಹೋಗಿ ತನ್ನ ಕುರ್ಚಿಯಲ್ಲಿ ಕೂರದೆ ಮುದುಕಿಯ ಕುರ್ಚಿಯ ಹಿಂದೆ ನಿಲ್ಲುತ್ತಾಳೆ. ಮಗನಿಗೆ ಫೋನ್ ಮಾಡ್ಲಾ ಅನ್ನುತ್ತಾರೆ ನೋಟರಿ, ಅವನು ಬರ್ಲಿ. ಬೇಡ, ಓದಿ ನೀವು.

ಕನ್ನಡಕ ಹಾಕಿಕೊಳ್ಳುತ್ತಾರೆ, ಗಂಟಲು ಸರಿ ಮಾಡಿಕೊಳ್ಳುತ್ತಾರೆ, ಹದಿನಾಲ್ಕು ವರ್ಷದ ಅಭ್ಯಾಸ, ದನಿ ತಾನಾಗಿಯೇ ಬರುತ್ತದೆ, ನಾನು, ಎಪ್ಪತ್ತೆರಡು ವರ್ಷ ವಯಸ್ಸಿನವಳು, ಆಸ್ಪತ್ರೆಯ ನಿವೃತ್ತ ನೌಕರಳು, ಈ ಮೂಲಕ ಪ್ರಮಾಣ ಮಾಡುವುದೇನೆಂದರೆ — ಈ ಕಾಗದಗಳ ರೀತಿಯೇ ಹಾಗೆ, ಯಾರು ಓದಿದರೂ ನಾನು ನಾನು ಅಂತಲೇ ಓದಬೇಕು, ಇಷ್ಟು ವರ್ಷದಲ್ಲಿ ಎಷ್ಟು ಜನರ ನಾನು ಆಗಿದ್ದಾರೆ, ಗಂಡ ಬಿಟ್ಟವಳು, ದತ್ತು ಕೊಟ್ಟವಳು, ಹಡಗಿನಲ್ಲಿ ಕಾಲು ಕಳೆದುಕೊಂಡವನು, ಯಾವತ್ತೂ ನಾಲಿಗೆ ತೊಡರಿರಲಿಲ್ಲ — ಲಗತ್ತಿಸಿದ ಪ್ರಮಾಣಪತ್ರದಲ್ಲಿ ಕಾಣಿಸಿದ ವ್ಯಕ್ತಿಯು ನನ್ನ ಸ್ವಂತ ಮಗಳಾಗಿದ್ದು, ಅವಿವಾಹಿತಳಾಗಿದ್ದು, ಆಕೆಗೆ ನಾನೇ ಅತಿ ಹತ್ತಿರದ ಸಂಬಂಧಿಯಾಗಿರುತ್ತೇನೆ, ಮುದುಕಿ ತಲೆಯಾಡಿಸುತ್ತಾಳೆ, ಹೌದು, ಸರಿಯಾಗಿದೆ, ಸದರಿ ನನ್ನ ಮಗಳ ಪಾರ್ಥಿವ ಶರೀರವನ್ನು — ಶರೀರ ಅಂದ್ರೆ ಮೈ, ಅದು ಗೊತ್ತು, ಪಾರ್ಥಿವ ಅಂದ್ರೇನು ಸ್ವಾಮಿ. ಅಕ್ಕ ಕುರ್ಚಿಯ ಬೆನ್ನನ್ನು ಹಿಡಿದುಕೊಳ್ಳುತ್ತಾಳೆ, ಎಂಥ ಒಳ್ಳೆಯ ಪದ, ಹಿಂದೆ ಅಡಗಿಕೊಳ್ಳುವಷ್ಟು ದೊಡ್ಡ ಪದ, ಇನ್ನೊಂದು ಸುಳ್ಳಲ್ಲದ ಮಾತು ಹೇಳಿಬಿಡಬಹುದು, ಹೇಳುವುದು ತಮಗೆ ಚೆನ್ನಾಗಿ ಬರುತ್ತದೆ, ಕಣ್ಣೆತ್ತುತ್ತಾರೆ, ಜೀವ ಹೋದ ಮೇಲೆ ಉಳಿಯೋ ಮೈ ಅಮ್ಮ. ಆಕೆ ಅತ್ತಿತ್ತ ನೋಡುವುದಿಲ್ಲ, ಮುಖ ಬದಲಾಗುವುದಿಲ್ಲ, ಅದಕ್ಕೇ ಹೆದರಿದ್ದರು, ಅದು ಆಗುತ್ತಿಲ್ಲ, ಬಟ್ಟೆಯ ಚೀಲ ಮಾತ್ರ ತೊಡೆಯ ಮೇಲಿನಿಂದ ಜಾರಿ ನೆಲಕ್ಕೆ ಬೀಳುತ್ತದೆ, ಅದರೊಳಗೆ ಏನಿತ್ತೋ, ಮೆತ್ತಗೆ ಬೀಳುತ್ತದೆ. ಮುಂದೆ ಓದಿ. ಅಮ್ಮ. ಅರ್ಧಕ್ಕೆ ಬಿಡ್ಬೇಡಿ, ಪೂರ್ತಿ ಓದಿ. ಓದುತ್ತಾರೆ, ಸದರಿ ದೇಶದಲ್ಲಿಯೇ ಮಣ್ಣು ಮಾಡಲು ನನ್ನ ಸಂಪೂರ್ಣ ಒಪ್ಪಿಗೆ ಇರುತ್ತದೆ, ಈ ಬಗ್ಗೆ ಮುಂದೆ ನಾನಾಗಲಿ ನನ್ನ ಕಡೆಯವರಾಗಲಿ ಯಾವುದೇ ತಕರಾರು ಮಾಡುವುದಿಲ್ಲ, ಮೇಲ್ಕಂಡ ವಿಷಯವನ್ನು ಸಹಿದಾರರಿಗೆ ಅವರ ಭಾಷೆಯಲ್ಲಿ ಓದಿ ಹೇಳಲಾಗಿದೆ, ಅರ್ಥ ಮಾಡಿಕೊಂಡು ಸ್ವಇಚ್ಛೆಯಿಂದ, ಅಲ್ಲಿ ದನಿ ನಿಲ್ಲುತ್ತದೆ, ಉಳಿದ ಅರ್ಧ ಸಾಲು ಬರುವುದಿಲ್ಲ. ಅಷ್ಟೇನಾ. ಅಷ್ಟೇ ಅಮ್ಮ. ಯಾವತ್ತು ಮಾಡಿದ್ರು. ಹನ್ನೊಂದು ದಿನ ಆಯ್ತು, ಮಧ್ಯಾಹ್ನ. ಹನ್ನೊಂದು ದಿನ ಅಂದರೆ ಯಾವ ವಾರ ಅಂತ ಬೆರಳು ಮಡಚಿ ಎಣಿಸುತ್ತಾಳೆ, ಅವತ್ತು ನಾನು ಅವಳ ಕೋಣೆ ಪರದೆ ಒಗೆದೆ ಅನ್ನುತ್ತಾಳೆ, ಇನ್ನು ಅಲ್ಲೇ ಉಳೀತಾಳೆ ಅಂದ್ರಲ್ಲ ನೀವು, ಒಂದ್ಸಲ ರಜೆ ಹಾಕ್ಕೊಂಡು ಬರ್ತಾಳೆ ಅಂದ್ಕೊಂಡೆ, ಒಗೆದು ಇಸ್ತ್ರಿ ಮಾಡಿ ಹಾಕಿದೆ. ಕಿಟಕಿಯ ಹೊರಗೆ ಬಸ್ಸೊಂದು ನಿಂತು ಹೋಗುತ್ತದೆ, ತಪ್ಪಾಯ್ತು ಅನ್ನಬೇಕು, ಆ ಮಾತು ಬಾಯಲ್ಲಿ ಇದೆ, ಎಷ್ಟು ಸಣ್ಣದಾಗಿದೆ ಅಂದರೆ ಹೊರಗೆ ಹಾಕಲು ನಾಚಿಕೆ. ತಪ್ಪಾಯ್ತಮ್ಮ. ಆಕೆಗೆ ಕೇಳಿಸಿತೋ ಇಲ್ಲವೋ, ತನ್ನ ಎಡಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡುತ್ತಿದ್ದಾಳೆ, ಹೆಬ್ಬೆರಳನ್ನು, ನುಣ್ಣಗೆ, ಗೆರೆಯಿಲ್ಲದ್ದು, ಇದು ಬೀಳ್ತಾನೇ ಇರ್ಲಿಲ್ಲ ಸ್ವಾಮಿ, ಎರಡು ಸಲ ಬೀಳ್ಲಿಲ್ಲ, ನೆನಪಿದೆಯಾ, ಮೂರನೇ ಸಲ ನೀವು ಹಿಡ್ಕೊಂಡು ಒತ್ತಿಸಿದ್ರಿ. ದೂರಿಲ್ಲ ಆ ದನಿಯಲ್ಲಿ, ಯಾವುದೋ ಬಟ್ಟೆಯ ಲೆಕ್ಕ ಒಪ್ಪಿಸುವ ಹಾಗೆ ಹೇಳುತ್ತಾಳೆ, ಹೇಳಿ, ಆ ಹೆಬ್ಬೆರಳನ್ನು ಒಳಗೆ ಮಡಚಿ, ಅದರ ಮೇಲೆ ನಾಲ್ಕು ಬೆರಳು ಮುಚ್ಚಿ, ಆ ಮುಷ್ಟಿಯ ಮೇಲೆ ಬಲಗೈಯನ್ನೂ ಮುಚ್ಚುತ್ತಾಳೆ. ಅಕ್ಕ ಬಗ್ಗಿ ಚೀಲ ಎತ್ತಿ ಕೊಡುತ್ತಾಳೆ, ತೆಗೆದುಕೊಳ್ಳಲು ಕೈ ಬಿಚ್ಚುವುದಿಲ್ಲ. ನೀರು ಕೊಡುತ್ತಾಳೆ, ಬಿಚ್ಚುವುದಿಲ್ಲ. ನೋಟರಿ ಕುರ್ಚಿಯಿಂದ ಎದ್ದಿದ್ದಾರೆ, ಮೇಜು ಸುತ್ತಿ ಹೋಗಬೇಕು, ಹೋಗಿ ಏನು ಮಾಡಬೇಕು, ಕಾಗದ ಹಾಗೇ ಕೈಯಲ್ಲಿದೆ, ಲಿಫ್ಟಿಲ್ಲ, ಈಕೆಯನ್ನು ನಾಲ್ಕು ಮಹಡಿ ಕೆಳಗೆ ಇಳಿಸಬೇಕು, ಕೈ ಹಿಡಿದುಕೊಂಡು ಇಳಿಸಬೇಕು, ಯಾವ ಕೈ, ಬಿಗಿಯಾಗಿದೆ, ಗೆಣ್ಣುಗಳು ಬಿಳಿಯಾಗಿವೆ, ಒಳಗೆಲ್ಲೋ ಆ ಬೆರಳಿದೆ, ಬೆಚ್ಚಗೆ, ಹಗುರವಾಗಿ, ಅವತ್ತು ತಮ್ಮ ಕೈಗೆ ಕೊಟ್ಟುಬಿಟ್ಟಿದ್ದ ಬೆರಳು, ಈಗ ಕಾಣುತ್ತಿಲ್ಲ, ಮುಷ್ಟಿ, ಮುಷ್ಟಿಯ ಮೇಲೆ ಕೈ, ಮುಷ್ಟಿ